ಕರೆಯುವ ಹೆಸರು

ಯಶವಂತಪುರ
14–2–1961, ಮಂಗಳವಾರ

ಸೊಣ್ಣಕ್ಕನವರಿಗೆ ಮಾರಯ್ಯನ ನಮಸ್ಕಾರ.

ಕ್ವಾರಿ ಕಂಟ್ರಾಕ್ಟರು ಕೊಡುತ್ತೇನೆ ಎಂದದ್ದು: ಬಂಡೆ ಸಿಡಿಸುವ ಮೊದಲು ಸೀಟಿ, ಕುಡಿಯಲು ನೀರು, ಹಸುಗೂಸುಗಳನ್ನು ಮಲಗಿಸಲು ಒಂದು ಚಪ್ಪರ. ಕೊಟ್ಟದ್ದು: ಯಾವುದೂ ಇಲ್ಲ.

ಬೋರನಕುಂಟೆ ಠಾಣೆಯವರು ಶುಕ್ರವಾರ ಸಂಜೆ ನಿಮಗೆ ಹೇಳಿದ್ದು: ‘ಅಪ್ಪಯ್ಯನನ್ನು ವಿಚಾರಿಸಿ ಬೆಳಿಗ್ಗೆ ಬಿಡ್ತೀವಿ.’ ಶನಿವಾರ ಬೆಳಿಗ್ಗೆ ಹೇಳಿದ್ದು: ‘ಅಂಥವನು ಇಲ್ಲಿಗೆ ಬಂದೇ ಇಲ್ಲ.’

ಸಂವಿಧಾನ ಹೇಳಿದ್ದು: ಹಿಡಿದವನಿಗೆ ಯಾಕೆ ಹಿಡಿದೆವೆಂದು ತಿಳಿಸಬೇಕು, ಒಂದು ಹಗಲು ಒಂದು ರಾತ್ರಿಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆದದ್ದು: ಗೊತ್ತಿಲ್ಲ. ಈ ಗೊತ್ತಿಲ್ಲ ಎನ್ನುವುದರ ಮೇಲೇ ಈಗ ನಮ್ಮ ಜಗಳ.

ನಿಮ್ಮ ಮಗ ಮಾಡಿದ ತಪ್ಪೇನು? ಮದ್ದು ತುಂಬಿದ ಬಂಡೆಯ ಮೇಲೆ ಹೋಗಿ ಕೂತ. ‘ಸೀಟಿ ಊದೋವರೆಗೂ ಇಳಿಯಲ್ಲ’ ಅಂದ. ಅದು ಅಪರಾಧವಾದರೆ ಬದುಕಬೇಕು ಅನ್ನುವುದೇ ಅಪರಾಧ. ನಾನು ಬಂದು ನಿಮ್ಮ ಪಕ್ಕ ನಿಲ್ಲಬೇಕಿತ್ತು. ಹೆಬ್ಬಾಳದ ಕೆರೆ ಏರಿ ದಾಟಿ ಆ ಕಡೆ ಕಾಲಿಟ್ಟರೆ ನನ್ನನ್ನೂ ಒಳಗೆ ಹಾಕುತ್ತೇವೆ ಎಂಬ ಆಜ್ಞೆ ಇನ್ನೂ ತಲೆಯ ಮೇಲಿದೆ. ಸಂಘದ ಕಾರ್ಯದರ್ಶಿಯಾದ ನಾನು ಊರಲ್ಲಿದ್ದರೆ ಜನ ಕಲ್ಲು ಒಡೆಯುವುದಿಲ್ಲವಂತೆ. ಹಾಗಾಗಿ ಇಲ್ಲಿ ಗೂಡ್ಸ್ ಶೆಡ್ಡಿನ ಹಿಂದೆ, ಹಮಾಲರ ಸಂಘದ ಕೋಣೆಯಲ್ಲಿ ಕೂತು ಕಾಗದ ಬರೆಯುತ್ತಿದ್ದೇನೆ.

ನಿನ್ನೆ ಪೇಟೆಯ ಜೈಲಿಗೆ ಹೋಗಿದ್ದೆ. ಕಿಟಕಿಯಲ್ಲಿ ಕೂತ ಗುಮಾಸ್ತ ‘ಹೆಸರು’ ಅಂದ. ಕ್ವಾರಿಯ ಹಾಜರಿಯಲ್ಲಿ ಬರೆದಿರುವ ಹೆಸರನ್ನು, ಒಂದಕ್ಷರ ಆಚೀಚೆ ಆಗದ ಹಾಗೆ ಹೇಳಿದೆ. ಬೆರಳು ಎಳೆದು ನೋಡಿದ. ‘ಇಲ್ಲ’ ಅಂದ. ನಾನೇ ಒಂದು ಸಲ ನೋಡಲಾ ಅಂದೆ. ‘ಇದೇನು ಪಂಚಾಂಗವೇನ್ರೀ, ಬಂದವರೆಲ್ಲ ನೋಡೋಕೆ?’ ಅಂದ.

ಅಕ್ಕ, ನೀವೇ ಠಾಣೆಗೆ ಹೋಗಬೇಕು. ಸೈಕಲ್ ಅಂಗಡಿ ವಹಾಬರ ಮಗಳು ಜಾಹಿದಾಳನ್ನು ಕರೆದುಕೊಂಡು ಹೋಗಿ. ಮೂರೇ ಮಾತು ಕೇಳಿ. ಬಂದನೇ? ಯಾವಾಗ ಬಂದ? ಎಲ್ಲಿಗೆ ಕಳಿಸಿದಿರಿ? ಬರೆದ ಪುಸ್ತಕ ತೋರಿಸಿ ಅನ್ನಿ. ಅಳಬೇಡಿ. ಯಾರ ಕಾಲಿಗೂ ಬೀಳಬೇಡಿ. ನೀವು ಕೇಳುತ್ತಿರುವುದು ಭಿಕ್ಷೆಯಲ್ಲ.

ನಿಮ್ಮ
ಚಿಕ್ಕಮಾರಯ್ಯ
(ಕಲ್ಲು ಕ್ವಾರಿ ಕೆಲಸಗಾರರ ಸಂಘ)


ಬ್ಯಾಟರಾಯನಪುರ
18–2–1961, ಶನಿವಾರ

ಚಿರಂಜೀವಿ ಮಾರಯ್ಯನಿಗೆ ಸೊಣ್ಣಮ್ಮನ ಆಶೀರ್ವಾದಗಳು.

ಕೈಬರಹ ಜಾಹಿದಾಳದು. ನಾನು ಹೇಳಿದ್ದನ್ನು ಅವಳು ಪುಸ್ತಕದ ಕನ್ನಡಕ್ಕೆ ತಿರುಗಿಸಿಕೊಂಡು ಬರೆಯುತ್ತಾಳೆ. ಎದುರುಬದುರಾಗಿ ಆಡಿದ ಮಾತನ್ನು ಮಾತ್ರ ಇದ್ದ ಹಾಗೇ ಬಿಡುತ್ತಾಳಂತೆ, ತಿದ್ದಿದರೆ ಖಾರ ಹೋಗುತ್ತದಂತೆ.

ನೀನು ಹೇಳಿದ ಹಾಗೆ ಹೋದೆವು. ರೈಟರು ಮೇಜಿನ ಹಿಂದೆ ಕೂತು ಬರೆಯುತ್ತಿದ್ದ. ತಲೆ ಎತ್ತಲಿಲ್ಲ.

‘ಏನಮ್ಮ?’

‘ನಮ್ಮಪ್ಪಯ್ಯನ್ನ ಆವತ್ತು ಇಡ್ಕೊಂಡ್ ಬಂದ್ರಲ್ಲ ಸಾಮಿ, ಎಲ್ಲವ್ನೆ ಅಂತ ಕೇಳಕ್ ಬಂದೆ.’

‘ಹೆಸರು?’

‘ಎಸರು ಅಪ್ಪಯ್ಯ.’

‘ಎಸರು ಒಲೆ ಮೇಲೆ ಇಡೋದು. ಇಲ್ಲಿ ಹೆಸರು ಹೇಳಬೇಕು.’

ಪೇದೆಗಳು ನಕ್ಕರು. ನಾನು ನಿಂತೇ ಇದ್ದೆ.

‘ನಿಮ್ಮಪ್ಪ ಅಂತೀಯಲ್ಲ, ನಿನ್ನ ವಯಸ್ಸಿಗೆ ನಿಮ್ಮಪ್ಪ ಇನ್ನೂ ಓಡಾಡ್ಕೊಂಡಿದ್ದಾನಾ?’

‘ಅಪ್ಪಯ್ಯ ನನ್ ಮಗ.’

‘ಅಪ್ಪ ಅಂತಾನೂ ನೀನೇ ಅಂತೀಯ, ಮಗ ಅಂತಾನೂ ನೀನೇ ಅಂತೀಯ. ಯಾರೂ ಬಂದಿಲ್ಲ, ಹೋಗು.’

‘ಬಂದಿಲ್ಲ ಅಂತ ಆ ಪುಸ್ತಕದಾಗೆ ಬರ್ದಿದ್ರೆ ತೋರ್ಸಿ.’

‘ಬಂದಿಲ್ಲ ಅಂತ ಯಾರಾದ್ರೂ ಬರೀತಾರೇನೇ? ಬಂದ್ರೆ ಬರೀತಾರೆ.’

‘ಅಂಗಾದ್ರೆ ಬಂದೋರ್ದು ತೋರ್ಸಿ.’

‘ನಿಂಗೆ ಓದಕ್ಕೆ ಬರತ್ತಾ?’

‘ನಂಗ್ ಬರಲ್ಲ. ಈ ಮಗೀಗೆ ಬರ್ತದೆ.’

ಆಗ ಅವನು ಪುಸ್ತಕ ಮುಚ್ಚಿ ಅದರ ಮೇಲೆ ಮೊಣಕೈ ಊರಿದ. ‘ಇದು ಸರ್ಕಾರದ್ದು. ಸಾರ್ವಜನಿಕರಿಗಲ್ಲ’ ಅಂದ. ಸಾರ್ವಜನಿಕರು ಅಂದರೆ ಯಾರು ಎಂದು ಜಾಹಿದಾಳನ್ನು ಕೇಳಿದೆ. ‘ನಾವೇ ಅವ್ವ’ ಅಂದಳು. ಹಾಗಾದರೆ ಸರ್ಕಾರ ಯಾರು ಅಂದೆ. ‘ಶಾಲೆಯಲ್ಲಿ ಅದೂ ನಾವೇ ಅಂತ ಹೇಳಿಕೊಟ್ಟಿದ್ದರು, ಇಲ್ಲಿ ಬೇರೆ ಪಾಠ ಇದೆ’ ಅಂದಳು. ಅದನ್ನು ಕೇಳಿ ಅವನಿಗೆ ಸಿಟ್ಟು ಬಂತು. ಹೊರಗೆ ಬಂದೆವು.

ಹೊಂಗೆ ಮರದ ಕೆಳಗೆ ದಫೇದಾರ ಮುನಿವೆಂಕಟಯ್ಯ ಕೊಡ ತೊಳೆಯುತ್ತಿದ್ದ. ನಮ್ಮ ಕಡೆ ನೋಡದೆ, ಕೊಡಕ್ಕೇ ಹೇಳುವವನ ಹಾಗೆ ಹೇಳಿದ. ‘ಠಾಣೆ ಬುಕ್ಕು ನಿಂಗೆ ಯಾರೂ ತೋರ್ಸಲ್ಲ ಕಣಮ್ಮ. ಇಲ್ಲಿ ಕೇಳಿ ಗಂಟ್ಲು ಒಣಗಿಸ್ಕೋಬೇಡ. ಮ್ಯಾಜಿಸ್ಟ್ರೇಟ್ರ ಮುಂದೆ ನಿಲ್ಸಿದೋರ್ದು ಅಲ್ಲಿ ಕಾಗದ ಇರ್ತದೆ. ನಕಲು ಕೊಡಿ ಅಂತ ಅರ್ಜಿ ಆಕ್ಸು. ಇಲ್ಲ ಅನ್ನಂಗಿಲ್ಲ ಅವ್ರು.’

‘ನಮ್ಮಪ್ಪಯ್ಯ ಜೀವದಾಗವ್ನಾ?’ ಅಂದೆ.

‘ಇಷ್ಟ್ ಏಳಿದ್ದೇ ಜಾಸ್ತಿ ಆತು’ ಎಂದು ಕೊಡ ಎತ್ತಿಕೊಂಡು ಹೋದ.

ದಾರಿಯುದ್ದಕ್ಕೂ ಯೋಚನೆ ಮಾಡಿದೆ ಮಾರಯ್ಯ. ಇಲ್ಲದವನಿಗೆ ಅರ್ಜಿ ಹಾಕು ಅಂತ ಯಾರೂ ಹೇಳುವುದಿಲ್ಲ. ಅಷ್ಟು ಹೇಳಿದ್ದಕ್ಕೇ ಅವನ ಮನೆ ತಣ್ಣಗಿರಲಿ. ಆವತ್ತು ಎರಡು ತುತ್ತು ಮುದ್ದೆ ಒಳಗೆ ಹೋಯಿತು.

ಅರ್ಜಿ ಹಾಕು.

ಸೊಣ್ಣಮ್ಮ


ಯಶವಂತಪುರ
27–2–1961, ಸೋಮವಾರ

ಸೊಣ್ಣಕ್ಕನವರಿಗೆ ನಮಸ್ಕಾರ.

ದಫೇದಾರರ ಮಾತು ಸರಿ. ಹಮಾಲರ ಕೇಸು ನೋಡುವ ವಕೀಲರನ್ನು ಕೇಳಿದೆ. ಹಿಡಿದವರ ವಿಷಯ ತಿಳಿಯಲು ಮೂರು ಬಾಗಿಲಿವೆ. ಠಾಣೆಯ ಪುಸ್ತಕ ಅವರ ಮೊಣಕೈ ಕೆಳಗೆ ಇರುತ್ತದೆ. ಜೈಲಿನ ಪುಸ್ತಕ ನಾವು ಹೆಸರು ಹೇಳಿದರೆ ಹೌದು ಇಲ್ಲ ಅನ್ನುತ್ತದೆ, ಅಷ್ಟಕ್ಕೇ ಮುಚ್ಚಿಕೊಳ್ಳುತ್ತದೆ. ಕೋರ್ಟಿನ ಕಾಗದ ಹಾಗಲ್ಲ. ಅಲ್ಲಿ ಒಬ್ಬನನ್ನು ಜೈಲಿಗೆ ಕಳಿಸಿದರೆ ಯಾವತ್ತು ಹಿಡಿದರು, ಯಾಕೆ ಹಿಡಿದರು ಎಂದು ಬರೆದಿರಲೇಬೇಕು. ಅವನ ಕಡೆಯವರು ಸ್ಟಾಂಪು ಹಚ್ಚಿ ಅರ್ಜಿ ಕೊಟ್ಟರೆ ಮೊಹರು ಒತ್ತಿ ನಕಲು ಕೊಡಬೇಕು. ಇದು ಬ್ರಿಟಿಷರ ಕಾಲದಿಂದ ಇರುವ ಕಾಯಿದೆ. ನಮ್ಮ ಕ್ವಾರಿಯಲ್ಲಿ ಎಷ್ಟು ಜನರನ್ನು ಎತ್ತಿಕೊಂಡು ಹೋಗಿದ್ದಾರೆ, ಇಷ್ಟು ವರ್ಷ ಒಬ್ಬರೂ ನಮಗೆ ಇದನ್ನು ಹೇಳಿರಲಿಲ್ಲ. ಹೇಳಿದವನು ಕೊಡ ತೊಳೆಯುತ್ತಿದ್ದ ಒಬ್ಬ ದಫೇದಾರ. ಅವರಿಗೆ ನನ್ನ ಪರವಾಗಿಯೂ ಕೈ ಮುಗಿಯಿರಿ.

ಅರ್ಜಿ ಹಾಕಿದೆ. ಹಾಜರಿಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದೆ. ಇವತ್ತು ಉತ್ತರ ಬಂತು: ಈ ಹೆಸರಿನ ಆರೋಪಿ ಯಾವ ಕಾಗದದಲ್ಲೂ ಇಲ್ಲ. ಅಲ್ಲಿಂದ ಮತ್ತೆ ಜೈಲಿನ ಕಿಟಕಿಗೆ ಹೋದೆ. ಅಲ್ಲೂ ಅದೇ.

ಅಕ್ಕ, ನಾನು ಕೂತಿರುವ ಈ ಕೋಣೆಯ ಎದುರಿಗೇ ಗೂಡ್ಸ್ ಶೆಡ್ಡು. ಒಂದು ಮೂಟೆ ಜೋಳ ರೈಲಿನಲ್ಲಿ ಬಂದರೆ ಅದಕ್ಕೆ ರಸೀದಿ ಇದೆ. ಎಲ್ಲಿಂದ ಬಂತು, ಯಾವ ಡಬ್ಬಿಯಲ್ಲಿ ಬಂತು, ಯಾರು ಇಳಿಸಿಕೊಂಡರು, ಎಲ್ಲಕ್ಕೂ ಉತ್ತರ ಇದೆ. ಮೂಟೆ ಕಳೆದರೆ ಸಾಹುಕಾರ ಬಂದು ಮೇಜು ಗುದ್ದುತ್ತಾನೆ, ರೈಲ್ವೆಯವರು ಎದ್ದು ನಿಲ್ಲುತ್ತಾರೆ. ಒಬ್ಬ ಮನುಷ್ಯನನ್ನು ಜೀಪಿಗೆ ತುಂಬಿಕೊಂಡು ಹೋದರೆ ಅವನ ತಾಯಿಗೆ ರಸೀದಿ ಇಲ್ಲ. ಜೋಳದ ಮೂಟೆಗಿರುವ ಮರ್ಯಾದೆ ಕಲ್ಲು ಒಡೆಯುವವನಿಗೆ ಇಲ್ಲದ ರಾಜ್ಯಕ್ಕೆ ಸ್ವರಾಜ್ಯ ಎಂದು ಹೆಸರು.

(ಜಾಹಿದಾ, ಈ ಎರಡು ಸಾಲನ್ನು ಅಕ್ಕನಿಗೆ ಓದಬೇಡಮ್ಮ. ಕ್ವಾರಿಯ ಹಳೆಯ ಗುಂಡಿಯಲ್ಲಿ ನೀರಿದೆ. ಯಾರಾದರೂ ಗಂಡಸರು ಆ ಕಡೆ ಹೋಗಿ ನೋಡಿ ಬಂದರೇ, ನಿಮ್ಮ ತಂದೆಯವರನ್ನು ಕೇಳಿ ಬರೆ.)

ಇನ್ನು ಹೈಕೋರ್ಟು ಒಂದೇ ಉಳಿದಿರುವುದು. ‘ಮನುಷ್ಯನನ್ನು ತಂದು ತೋರಿಸಿ’ ಎಂದು ಅರ್ಜಿ ಹಾಕುತ್ತೇವೆ. ತಾಯಿಯ ಪ್ರಮಾಣಪತ್ರ ಬೇಕು. ವಕೀಲರು ಬರೆದುಕೊಟ್ಟಿದ್ದನ್ನು ಇದರ ಜೊತೆ ಇಟ್ಟಿದ್ದೇನೆ. ಜಾಹಿದಾ ಪೂರ್ತಿ ಓದಿ ಹೇಳಲಿ. ಸರಿ ಅನ್ನಿಸಿದರೆ ಹೆಬ್ಬೆಟ್ಟು ಒತ್ತಿ ಕಳಿಸಿ.

ನಿಮ್ಮ
ಮಾರಯ್ಯ


ಬ್ಯಾಟರಾಯನಪುರ
3–3–1961, ಶುಕ್ರವಾರ

ಚಿರಂಜೀವಿ ಮಾರಯ್ಯನಿಗೆ ಸೊಣ್ಣಮ್ಮನ ಆಶೀರ್ವಾದಗಳು.

ಮೊದಲು ಒಂದು ಮಾತು. ನಿನ್ನ ಕಾಗದ ಓದುವಾಗ ಈ ಹುಡುಗಿ ಒಂದು ಕಡೆ ಎಂಜಲು ನುಂಗಿ ಸಾಲು ಹಾರಿಸಿದಳು. ಏನು ಹಾರಿಸಿದೆ ಎಂದು ನಾನು ಕೇಳಲಿಲ್ಲ. ಗುಂಡಿಯ ಹತ್ತಿರ ನಾನು ಆ ಶನಿವಾರವೇ ಹೋಗಿ ಬಂದಿದ್ದೇನೆ. ಕೋಲು ತೆಗೆದುಕೊಂಡು ಒಬ್ಬಳೇ ಹೋಗಿದ್ದೆ. ನೀರು ಬಿಟ್ಟು ಅಲ್ಲಿ ಏನೂ ಇಲ್ಲ. ಇನ್ನು ಆ ವಿಷಯ ಬೇಡ.

ಪ್ರಮಾಣಪತ್ರಕ್ಕೆ ಹೆಬ್ಬೆಟ್ಟು ಒತ್ತಿಲ್ಲ. ಒತ್ತುವುದೂ ಇಲ್ಲ. ಯಾಕೆ ಎಂದು ಹೇಳುತ್ತೇನೆ.

ಅಂಗಡಿಯ ಮುಂದೆ ಕೂತು ಜಾಹಿದಾ ಓದಲು ಶುರು ಮಾಡಿದಳು. ‘ಸೊಣ್ಣಮ್ಮ ಆದ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ, ನನ್ನ ಮಗನಾದ ಚಿಕ್ಕಹನುಮಯ್ಯನನ್ನು’ ಅಂದಳು (ಆ ಹೆಸರನ್ನು ಇಲ್ಲಿ ಅವಳೇ ಬರೆದುಕೊಂಡಳು, ನಾನು ಹೇಳಿದ್ದಲ್ಲ). ನಾನು ಸೆರಗು ತಲೆಯ ಮೇಲೆ ಎಳೆದುಕೊಂಡೆ.

‘ಅದ್ಯಾಕೆ ನಮ್ ಮಾವ್ನೋರ್ ಎಸರು ಎತ್ತಿದೆ?’

‘ಮಾವ ಯಾರು ಅವ್ವ, ಇದು ಅಪ್ಪಯ್ಯಣ್ಣನ ಹೆಸರು. ಹಾಜರಿಯಲ್ಲಿ ಇದೇ ಇದೆ.’

‘ಅವ್ರು ಓಗಿ ಯಾವ್ ಕಾಲ ಆತು. ಸತ್ತೋರ್ನ ಈ ಮಾರಯ್ಯ ಜೈಲ್ನಾಗೆ ಉಡುಕ್ತಾವ್ನಾ?’

ವಹಾಬ್ ಸಾಬರು ಟ್ಯೂಬು ಬಿಟ್ಟು ಬಂದರು. ‘ಏನ್ ಸಮಾಚಾರ, ಯಾರು ಸತ್ತೋರು?’ ಅಂದರು. ಜಾಹಿದಾ ಹಣೆಗೆ ಕೈ ಇಟ್ಟುಕೊಂಡು ಕೂತಳು. ಆಮೇಲೆ ನಗುವುದಕ್ಕೆ ಶುರು ಮಾಡಿದಳು, ನಗುತ್ತಾ ಅಳುವುದಕ್ಕೂ.

ಮಾರಯ್ಯ, ನನ್ನ ಮಗ ಹುಟ್ಟಿದಾಗ ಅವನ ತಾತನ ಹೆಸರನ್ನೇ ಇಟ್ಟರು. ಇಟ್ಟದ್ದು ತೊಟ್ಟಿಲಲ್ಲಿ, ಅಷ್ಟೆ. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಆಡುವ ಹಾಗಿಲ್ಲ. ಅಂಬೆಗಾಲಿಟ್ಟುಕೊಂಡು ಒಲೆಯ ಹತ್ತಿರ ಹೋದರೆ ಏನೆಂದು ಕೂಗಲಿ? ಹಾಲು ಚೆಲ್ಲಿದರೆ ಏನೆಂದು ಬೈಯಲಿ? ಆ ಹೆಸರು ಹಿಡಿದು ಬೈದರೆ ಜಗಲಿಯ ಮೇಲೆ ಕೂತ ಮುದುಕರನ್ನು ಬೈದ ಹಾಗೆ. ಅದಕ್ಕೆ ಅಪ್ಪಯ್ಯ ಅಂದೆವು. ಊರೂ ಹಾಗೇ ಅಂದಿತು. ಕ್ವಾರಿಗೆ ಸೇರಿಸುವಾಗ ಅವರಪ್ಪ ಹೋಗಿ ತೊಟ್ಟಿಲ ಹೆಸರು ಬರೆಸಿದರಂತೆ, ಅದು ನನಗೆ ಇವತ್ತು ಗೊತ್ತಾಯಿತು. ಬೀದಿಯಲ್ಲಿ ನಿಂತು ಆ ಹೆಸರು ಕೂಗಿದರೆ ನನ್ನ ಮಗ ತಿರುಗಿ ಕೂಡ ನೋಡುವುದಿಲ್ಲ. ಪೊಲೀಸಿನವರು ನಿನ್ನ ಹೆಸರೇನು ಎಂದು ಗದರಿದರೆ ಅವನ ಬಾಯಿಗೆ ಬರುವುದು ಯಾವುದು, ನೀನೇ ಹೇಳು. ನೀನೂ ಅವನನ್ನು ಅಪ್ಪಯ್ಯ ಅಂತಲೇ ಕರೆಯುತ್ತಿದ್ದವನು. ಕಚೇರಿಯ ಕಿಟಕಿ ಕಂಡ ಕೂಡಲೇ ಬೇರೆ ಹೆಸರು ಯಾಕೆ ಬಂತು?

ಕೋಪ ಮಾಡಿಕೊಂಡು ಹೇಳುತ್ತಿಲ್ಲಪ್ಪ. ಹೆತ್ತ ಮಗನಿಗಿಂತ ಹೆಚ್ಚಾಗಿ ತಿರುಗಾಡಿದ್ದೀಯ. ನೀನು ಆ ಕಾಗದ ಕಳಿಸದೆ ಇದ್ದಿದ್ದರೆ ಈ ಮಾತು ಹುಟ್ಟುತ್ತಲೇ ಇರಲಿಲ್ಲ. ಇನ್ನೊಂದು ಸಲ ಹೋಗು. ಅಪ್ಪಯ್ಯ ಎಂದು ಕೇಳು.

ಸೊಣ್ಣಮ್ಮ

ಅಣ್ಣಾ, ಇದು ನನ್ನ ಮಾತು: ಅವ್ವ ಗುಂಡಿಯ ಹತ್ತಿರ ಹೋದದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಬರೆಯುವಾಗ ಮಸಿ ಚೆಲ್ಲಿದೆ, ಕ್ಷಮಿಸಿ. ಜಾಹಿದಾ.


ಯಶವಂತಪುರ
8–3–1961, ಬುಧವಾರ

ಅಕ್ಕ,

ಇದ್ದಾನೆ.

ಮೊಹರು ಒತ್ತಿದ ಕಾಗದ ನನ್ನ ಮುಂದಿದೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ: ‘ಆರೋಪಿ ಅಪ್ಪಯ್ಯ, ತಂದೆ ಮುನಿಯಪ್ಪ, ಕಲ್ಲು ಕೆಲಸ, ವಾಸ ಬ್ಯಾಟರಾಯನಪುರ. ಆರೋಪ ಕ್ವಾರಿ ಕೆಲಸಕ್ಕೆ ಅಡ್ಡಿ. ದಸ್ತಗಿರಿ 13–2–1961. ಹಾಜರುಪಡಿಸಿದ್ದು 14–2–1961. ಜೈಲಿಗೆ ರವಾನೆ. ಆರೋಪಿಯ ಎಡಗೈ ಹೆಬ್ಬೆಟ್ಟಿನ ಗುರುತು.’ ಅಲ್ಲಿಂದ ಓಡಿಕೊಂಡೇ ಜೈಲಿಗೆ ಹೋದೆ. ಅದೇ ಕಿಟಕಿ, ಅದೇ ಗುಮಾಸ್ತ. ‘ಅಪ್ಪಯ್ಯ’ ಅಂದೆ. ‘ಇದ್ದಾನಲ್ಲ, ಮೊದಲೇ ಹೇಳೋದಲ್ವಾ’ ಅಂದ. ಬೇರೆ ದಿನವಾಗಿದ್ದರೆ ಅವನಿಗೆ ಉತ್ತರ ಕೊಡುತ್ತಿದ್ದೆ. ಇವತ್ತು ಥ್ಯಾಂಕ್ಸ್ ಅಂದೆ.

ನಕಲು ವಿಭಾಗದ ಗುಮಾಸ್ತರನ್ನು ನೆನೆಯಬೇಕು. ವಯಸ್ಸಾದವರು. ಹೆಸರು ತಪ್ಪಿತ್ತು, ಇನ್ನೊಂದು ಸಲ ನೋಡಿ ಎಂದು ಹೇಳಿ, ಮಾವ ಸೊಸೆಯ ಕಥೆ ಬಿಡಿಸಿ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ‘ನಮ್ಮನೇಲೂ ಹಾಗೇ ಸ್ವಾಮಿ. ನನ್ನ ತಮ್ಮನಿಗೆ ತಾತನ ಹೆಸರು. ಅವನ ಲಗ್ನಪತ್ರಿಕೆ ಓದಿ ಊರಿನವರು ಗಂಡು ಯಾರು ಅಂತ ಕೇಳಿದ್ರು’ ಅಂದು, ಕಟ್ಟಿ ಮೇಲಿಟ್ಟಿದ್ದ ಕಾಗದದ ಗಂಟನ್ನು ಇಳಿಸಿ ಮತ್ತೆ ಬಿಚ್ಚಿದರು. ಬಿಚ್ಚುವುದಿಲ್ಲ ಅನ್ನುವ ಅಧಿಕಾರ ಅವರಿಗಿತ್ತು. ಅನ್ನಲಿಲ್ಲ.

ಈಗ ತಾರೀಖು ನೋಡಿ. ಅವನನ್ನು ಎಳೆದುಕೊಂಡು ಹೋದದ್ದು ಹತ್ತನೇ ತಾರೀಖು, ಶುಕ್ರವಾರ. ಕಾಗದದಲ್ಲಿರುವುದು ಹದಿಮೂರು, ಸೋಮವಾರ. ಶುಕ್ರವಾರದಿಂದ ಸೋಮವಾರದವರೆಗೆ ಅವನು ಪುಸ್ತಕದಲ್ಲಿರಲಿಲ್ಲ, ಠಾಣೆಯಲ್ಲಿದ್ದ. ರೈಟರು ಪುಸ್ತಕವನ್ನು ಯಾಕೆ ಮುಚ್ಚಿ ಮೊಣಕೈ ಊರಿದ್ದನೆಂದು ಈಗ ಗೊತ್ತಾಯಿತಲ್ಲ. ನೋಡಿದ್ದರೆ ಜಾಹಿದಾ ಅಲ್ಲೇ ಹಿಡಿಯುತ್ತಿದ್ದಳು. ಪುಸ್ತಕ ತೋರಿಸುವುದಿಲ್ಲ ಅನ್ನುವವರು ಗುಟ್ಟು ಕಾಯುವುದಿಲ್ಲ ಅಕ್ಕ, ಸುಳ್ಳು ಕಾಯುತ್ತಾರೆ. ಈ ನಕಲು ಹಿಡಿದುಕೊಂಡೇ ಅವನನ್ನು ಬಿಡಿಸುತ್ತೇವೆ ಎಂದು ವಕೀಲರು ಹೇಳಿದ್ದಾರೆ. ಜಾಮೀನು ಮಾತ್ರ ಆಗುವುದಿಲ್ಲ. ಜಾಮೀನಿಗೆ ಜಮೀನು ಇರುವವರು ನಿಲ್ಲಬೇಕಂತೆ. ನಮ್ಮಲ್ಲಿ ಯಾರಿಗಿದೆ?

ನೀವು ಅವನನ್ನು ನೋಡಲು ಮುಲಾಖತ್ತಿನ ಅಪ್ಪಣೆ ತೆಗೆದುಕೊಂಡಿದ್ದೇನೆ, ಮುಂದಿನ ಶುಕ್ರವಾರ. ಜೈಲಿನ ಬಾಗಿಲು ಏರಿಯಿಂದ ಈಚೆ ಇದೆ, ನಾನೂ ಬರಬಹುದು. ಆದರೆ ಒಬ್ಬರನ್ನೇ ಒಳಗೆ ಬಿಡುವುದು. ನಾನು ಹೊರಗಿರುತ್ತೇನೆ.

ಹೆಸರು ಕೇಳಿದರೆ ನಿಮ್ಮ ಬಾಯಿಗೆ ಬಂದ ಹಾಗೇ ಹೇಳಿ.

ಮಾರಯ್ಯ


ಬ್ಯಾಟರಾಯನಪುರ
20–3–1961, ಸೋಮವಾರ

ಚಿರಂಜೀವಿ ಮಾರಯ್ಯನಿಗೆ ಆಶೀರ್ವಾದಗಳು.

ಆವತ್ತು ಬಾಗಿಲಲ್ಲಿ ನಿನ್ನ ಜೊತೆ ಮಾತಾಡಲಿಲ್ಲ. ಮಾತಾಡಿದರೆ ಹಿಡಿದುಕೊಂಡದ್ದು ಬಿಟ್ಟುಹೋಗುತ್ತಿತ್ತು. ಒಳಗೆ ಏನಾಯಿತೆಂದು ಈಗ ಹೇಳುತ್ತೇನೆ.

ತಂತಿಜಾಲಿಯ ಆಚೆ ನಿಂತಿದ್ದ. ಬಡಕಲಾಗಿದ್ದಾನೆ, ಗಡ್ಡ ಬಂದಿದೆ. ಎಡಗಡೆ ಹುಬ್ಬಿನ ಹತ್ತಿರ ಗಾಯ ಮಾಗಿದೆ.

‘ಅವ್ವ, ಉಂಡ್ಯಾ?’ ಅಂದ.

‘ಜೈಲ್ನಾಗಿರೋನು ನೀನು. ನನ್ನ ಕೇಳ್ತೀಯಾ?’ ಅಂದೆ.

‘ಇಲ್ಲಿ ಟೈಮಿಗ್ ಸರ್ಯಾಗ್ ಆಕ್ತಾರೆ. ನೀನು ಆಕ್ತಿದ್ಯಾ?’ ಎಂದು ನಕ್ಕ. ನಕ್ಕನಲ್ಲ, ಸಾಕಾಯಿತು ನನಗೆ.

ಹೆಸರಿನ ವಿಷಯ ಹೇಳಿದೆ. ಅವನೂ ಹೇಳಿದ. ‘ಎಸರೇನು ಅಂದ್ರು, ಅಪ್ಪಯ್ಯ ಅಂದೆ. ಪೂರ್ತಿ ಎಸರು ಏಳೋ ಅಂತ ಒಂದು ಬಿಟ್ರು. ಅದೇ ಪೂರ್ತಿ ಸಾಮಿ ಅಂದೆ. ಯಾರೂ ಬರ್ಲಿಲ್ಲ ಅಂದ್ಕೊಂಡಿದ್ದೆ ಕಣವ್ವ. ನನ್ನ ಯಾರೂ ಉಡುಕ್ತಾ ಇಲ್ಲ ಅಂದ್ಕೊಂಡಿದ್ದೆ.’

ಆ ಮಾತು ಕೇಳಿದ ಮೇಲೆ ನನಗೆ ಬೇರೆ ಏನೂ ತೋಚಲಿಲ್ಲ. ನೀನು ಎಲ್ಲೆಲ್ಲಿ ಹೋಗಿ ಕೇಳಿದೆ, ಜಾಹಿದಾ ಏನು ಬರೆದಳು, ಕೋರ್ಟಿನ ಯಜಮಾನರು ಗಂಟು ಬಿಚ್ಚಿದ್ದು, ಎಲ್ಲವನ್ನೂ ಹೇಳಿದೆ. ಜಾಲಿ ಹಿಡಿದುಕೊಂಡು ಕೇಳಿದ. ‘ಅಷ್ಟೊಂದು ಜನ ಉಡುಕುದ್ರಾ’ ಅಂದ. ವಾರ್ಡರು ಟೈಮಾಯಿತು ಎಂದು ಕೂಗಿದ.

ಹೊರಗೆ ಕಿಟಕಿಯ ಹತ್ತಿರ ಯಲಹಂಕದ ಕಡೆಯ ಒಬ್ಬಳು ನಿಂತಿದ್ದಳು, ದೊಡ್ಡಮುನಿಯಮ್ಮ ಅಂತ. ಗಂಡನನ್ನು ಹುಡುಕಿಕೊಂಡು ಬಂದಿದ್ದಾಳೆ. ಗುಮಾಸ್ತ ಹೆಸರು ಹೇಳು ಅನ್ನುತ್ತಾನೆ, ಇವಳು ನೆಲ ನೋಡುತ್ತಾಳೆ. ಗಂಡನ ಹೆಸರು ಹೇಗೆ ಹೇಳಿಯಾಳು? ‘ನಮ್ಮನೆಯೋರು’ ಅಂದಳು. ‘ಇಲ್ಲಿರೋರೆಲ್ಲ ಯಾರದೋ ಮನೆಯೋರೇ’ ಅಂದ ಅವನು. ಕೊನೆಗೆ ನನ್ನ ಜೊತೆ ಬಂದಿದ್ದ ಜಾಹಿದಾಳ ಕಿವಿಯಲ್ಲಿ ಹೇಳಿದಳು, ಜಾಹಿದಾ ಗಟ್ಟಿಯಾಗಿ ಹೇಳಿದಳು. ಆ ಹೆಸರು ಪುಸ್ತಕದಲ್ಲಿ ಇರಲಿಲ್ಲ. ‘ಊರಾಗೆ ಏನಂತ ಕರೀತಾರೆ?’ ಎಂದು ನಾನು ಕೇಳಿದೆ. ಅದನ್ನು ಅವಳು ತಾನೇ ಹೇಳಿದಳು. ಅದು ಇತ್ತು. ಅವಳು ಅಲ್ಲೇ ಕುಸಿದು ಕೂತು ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಮಾರಯ್ಯ, ಬೇಡಿಕೆ ಪಟ್ಟಿ ಮಾಡುವುದು ನಿನ್ನ ಕೆಲಸ. ನಾನು ಒಂದು ಹೇಳುತ್ತೇನೆ, ಸೇರಿಸಿಕೊ. ಠಾಣೆಯ ಹೊರಗೆ ಒಂದು ಕರಿ ಹಲಗೆ ಹಾಕಲಿ. ಅವತ್ತು ಹಿಡಿದವರ ಹೆಸರು, ಎಲ್ಲಿಗೆ ಕಳಿಸಿದರು, ಅಷ್ಟು ಬರೆಯಲಿ. ಬರೆದ ಹೆಸರಿನ ಪಕ್ಕ ಕರೆಯುವ ಹೆಸರನ್ನೂ ಬರೆಯಲಿ. ಓದಲು ಬಾರದವರು ಓದುವವರನ್ನು ಕರೆದುಕೊಂಡು ಬರುತ್ತೇವೆ, ಅದು ನಮ್ಮ ಪಾಡು.

ದಫೇದಾರನ ಮನೆಗೆ ಹೋಗಿದ್ದೆ. ಅವರೆಕಾಯಿ ಕೊಡಲು ಹೋದರೆ ಬಾಗಿಲಲ್ಲೇ ನಿಲ್ಲಿಸಿದ. ‘ಇದೆಲ್ಲ ಬ್ಯಾಡಮ್ಮ’ ಅಂದ. ಅವನ ಹೆಂಡತಿ ‘ಅವರೆಕಾಯ್ಗೂ ಎದರ್ಕೋತೀಯಾ’ ಅಂದು ನನ್ನ ಮಡಿಲಿಂದ ತೆಗೆದುಕೊಂಡಳು. ಶುಕ್ರವಾರ ನನ್ನ ಮಗ ಠಾಣೆಯಲ್ಲಿದ್ದದ್ದು ನಿನಗೆ ಗೊತ್ತಲ್ಲ, ಕೋರ್ಟಿನಲ್ಲಿ ಹೇಳುತ್ತೀಯಾ ಅಂದೆ. ಬಾಗಿಲು ಅರ್ಧ ಮುಂದಕ್ಕೆ ಎಳೆದ. ‘ನಾನಾಗಿ ಏಳಲ್ಲ. ಕೇಳುದ್ರೆ ಸುಳ್ಳು ಏಳಲ್ಲ’ ಅಂದ.

ವಕೀಲರಿಗೆ ಹೇಳು, ಕೇಳಲಿ.

ಕ್ವಾರಿಗೆ ಸೀಟಿ ಬಂದಿದೆ. ಕಂಟ್ರಾಕ್ಟರು ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಾನೆ, ಊದುವವರು ಇಲ್ಲ. ಅದನ್ನು ಆಮೇಲೆ ನೋಡಿಕೊಳ್ಳೋಣ.

ಸೊಣ್ಣಮ್ಮ


ಯಶವಂತಪುರ
20–4–1961, ಗುರುವಾರ

ಸೊಣ್ಣಕ್ಕನವರಿಗೆ ನಮಸ್ಕಾರ.

ಮೊನ್ನೆ ಕೋರ್ಟಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಿರಿ. ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಕೆಲಸ ಬಿಟ್ಟು ಬರಲಾಗದವರು ಕ್ವಾರಿಯಲ್ಲಿದ್ದಾರೆ. ಊಟದ ಹೊತ್ತಿನಲ್ಲಿ ಜಾಹಿದಾ ಇದನ್ನು ಗಟ್ಟಿಯಾಗಿ ಓದಲಿ.

ಠಾಣೆಯವರು ತಮ್ಮ ಪುಸ್ತಕ ತಂದಿದ್ದರು. ನಿಮಗೆ ಮುಚ್ಚಿದ್ದ ಪುಸ್ತಕವನ್ನು ಮ್ಯಾಜಿಸ್ಟ್ರೇಟರ ಮುಂದೆ ತೆರೆಯಬೇಕಾಯಿತು. ಅದರಲ್ಲೂ ಹದಿಮೂರನೇ ತಾರೀಖೇ ಇತ್ತು. ನಮ್ಮ ವಕೀಲರು ದಫೇದಾರ ಮುನಿವೆಂಕಟಯ್ಯನವರನ್ನು ಕರೆಸಿದರು. ಒಂದೇ ಪ್ರಶ್ನೆ ಕೇಳಿದರು. ಈ ಆರೋಪಿಯನ್ನು ಠಾಣೆಯಲ್ಲಿ ನೀವು ಮೊದಲು ನೋಡಿದ್ದು ಯಾವತ್ತು?

ದಫೇದಾರರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಇನ್ಸ್‌ಪೆಕ್ಟರು ಅವರನ್ನೇ ನೋಡುತ್ತಿದ್ದರು.

‘ಶುಕ್ರವಾರ ಸಾಯಂಕಾಲ ಸ್ವಾಮಿ. ನೀರು ಕೇಳಿದ. ನಾನೇ ಕೊಟ್ಟೆ.’

ಅಷ್ಟೆ. ಇಳಿದು ಬಂದು ಗೋಡೆಯ ಪಕ್ಕ ನಿಂತರು. ಪೊಲೀಸರ ಕಡೆಯ ವಕೀಲ ಮತ್ತೆ ಕಟಕಟೆ ಹತ್ತಿಸಿ, ವಯಸ್ಸಾಗಿದೆ ನಿಮಗೆ, ದಿನ ಮರೆತಿರಬಹುದು ಅಂದ. ‘ನಾನು ಶುಕ್ರವಾರ ಒಪ್ಪೊತ್ತು ಇರ್ತೀನಿ ಸ್ವಾಮಿ. ಹೊಟ್ಟೆಗೆ ದಿನ ಮರೆಯಲ್ಲ’ ಅಂದರು. ಮ್ಯಾಜಿಸ್ಟ್ರೇಟರೇ ನಕ್ಕುಬಿಟ್ಟರು.

ನಿನ್ನೆ ಆರ್ಡರು ಓದಿದರು. ದಸ್ತಗಿರಿಯ ದಿನ ಸುಳ್ಳು. ಹಿಡಿದು ಬಚ್ಚಿಟ್ಟವರ ಮಾತನ್ನು ನಂಬುವಂತಿಲ್ಲ. ಆರೋಪಿ ಅಪ್ಪಯ್ಯ ಉರುಫ್ ಚಿಕ್ಕಹನುಮಯ್ಯನ ಮೇಲಿನ ಕೇಸು ವಜಾ. ಕ್ಷಮಿಸಿ ಅಕ್ಕ, ಮಾವನವರ ಹೆಸರು ಬಂತು. ಅದು ಕೋರ್ಟಿನವರ ಮಾತು, ನನ್ನದಲ್ಲ.

ದಫೇದಾರರಿಗೆ ವರ್ಗದ ಆರ್ಡರು ಬಂದಿದೆ ಎಂದು ಕೇಳಿದೆ. ಒಂದು ನಿಜಕ್ಕೆ ಇಷ್ಟು ಬೇಗ ಉತ್ತರ ಬರುತ್ತದೆ, ನಮ್ಮ ಅರ್ಜಿಗಳಿಗೆ ಬರುವುದಿಲ್ಲ. ಅವರ ಸಾಮಾನು ಸಾಗಿಸಲು ಹಮಾಲರ ಸಂಘದ ನಾಲ್ವರು ಹೋಗುತ್ತಾರೆ. ಅವರು ಬೇಡ ಅನ್ನುತ್ತಾರೆ. ಅವರ ಹೆಂಡತಿಯನ್ನು ಕೇಳಿಕೊಳ್ಳಿ ಎಂದು ಹಮಾಲರಿಗೆ ಹೇಳಿದ್ದೇನೆ.

ನಾನು ಭಾಷಣದಲ್ಲಿ ಯಾವಾಗಲೂ ಬೈಯುವವನು. ಬೈಯುವುದಕ್ಕೆ ಕಾರಣಗಳೂ ಮುಗಿದಿಲ್ಲ. ಆದರೆ ಇವತ್ತು ಕೈ ಮುಗಿಯದೆ ಮುಂದೆ ಹೋದರೆ ನಾಲಿಗೆಗೆ ನಿಯತ್ತಿಲ್ಲದ ಹಾಗೆ ಆಗುತ್ತದೆ. ಗಂಟು ಬಿಚ್ಚಿದ ಗುಮಾಸ್ತರಿಗೆ. ಟೋಪಿ ತೆಗೆದ ದಫೇದಾರರಿಗೆ. ಅಂಗಡಿ ಮುಚ್ಚಿ ಕೋರ್ಟಿಗೆ ಬಂದು ಕೂತ ವಹಾಬ್ ಸಾಬರಿಗೆ. ಮಸಿ ಚೆಲ್ಲಿದರೂ ನಿಲ್ಲಿಸದೆ ಬರೆದ ಜಾಹಿದಾಳಿಗೆ. ಸರಿ ಅನ್ನಿಸದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದಿಲ್ಲ ಎಂದ ನಿಮಗೆ. ನೀವು ಒತ್ತಿದ್ದರೆ ನಾವು ಇಲ್ಲದ ಒಬ್ಬನನ್ನು ಹೈಕೋರ್ಟಿನಲ್ಲಿ ಹುಡುಕುತ್ತಿದ್ದೆವು, ಇದ್ದವನು ಒಳಗೇ ಕೊಳೆಯುತ್ತಿದ್ದ.

ಕರಿ ಹಲಗೆಯ ಬೇಡಿಕೆಯನ್ನು ಮೇಲಿನ ಸಾಹೇಬರಿಗೆ ಬರೆದು ಕಳಿಸಿದ್ದೇನೆ. ‘ಪರಿಶೀಲಿಸಲಾಗುವುದು’ ಎಂದು ಉತ್ತರ ಬಂದಿದೆ. ಹಾಗೆಂದರೆ ಏನೆಂದು ನಮಗೆಲ್ಲ ಗೊತ್ತು. ಆದ್ದರಿಂದ ಮುಂದೇನು ಮಾಡಬೇಕೆಂದು ಕೂತು ಮಾತಾಡಬೇಕು. ಯಲಹಂಕದ ದೊಡ್ಡಮುನಿಯಮ್ಮ ಅವರ ಓಣಿಯ ಹೆಂಗಸರನ್ನು ಕರೆದುಕೊಂಡು ಬರುತ್ತೇನೆ ಎಂದು ಹೇಳಿ ಕಳಿಸಿದ್ದಾರೆ.

ಸಭೆಗೆ ಜಾಗ ಎಲ್ಲಿ ಎಂದು ಎಲ್ಲರೂ ಕೇಳುತ್ತಿದ್ದಾರೆ. ಜೈಲಿನ ಬಾಗಿಲ ಮುಂದೆ. ಬಿಡುಗಡೆಯ ಕಾಗದ ನಾಳೆ ಜೈಲಿಗೆ ಮುಟ್ಟುತ್ತದೆ, ನಾಡಿದ್ದು ಬೆಳಿಗ್ಗೆ ಅಪ್ಪಯ್ಯನನ್ನು ಹೊರಗೆ ಬಿಡುತ್ತಾರೆ. ಅವನು ಚಿಕ್ಕ ಬಾಗಿಲಿನಿಂದ ತಲೆ ಬಗ್ಗಿಸಿ ಬರುವ ಹೊತ್ತಿಗೆ ನಾವೆಲ್ಲ ಅಲ್ಲಿ ಕೂತಿರಬೇಕು. ಎಷ್ಟು ಜನ ಹುಡುಕಿದರೆಂದು ಅವನು ಕಣ್ಣಾರೆ ನೋಡಲಿ. ಅವನು ಬಂದು ಕೂತ ಮೇಲೆ ಸಭೆ ಶುರು.

ನಿಮ್ಮ
ಚಿಕ್ಕಮಾರಯ್ಯ

ಸಭೆ: ಶನಿವಾರ, ಏಪ್ರಿಲ್ ಇಪ್ಪತ್ತೆರಡು, ಬೆಳಿಗ್ಗೆ ಎಂಟು ಗಂಟೆ.